ಆಲೂರರಿಗೆ ಬೀಗ ಹಾಕಿದವರು ಯಾರು?



2025ರ ಮಳೆಗಾಲದ ಮಾತು. ನಮ್ಮ ಬಳಗದ ಹುಡುಗನೊಬ್ಬ ಕನ್ನಡ ಎಂ.ಎ. ಓದುತ್ತಿದ್ದಾನೆ. ಅವನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ, ಯಾರೂ ಸುಳಿಯದ ಹಿಂದಿನ ಸಾಲಿನ ಬೀರುವಿನಲ್ಲಿ, ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ದ ಹಳೆಯ ಪ್ರತಿಯೊಂದು ಸಿಕ್ಕಿತು. ಹೊರಗೆ ಒಯ್ಯಲು ಕೊಡುವುದಿಲ್ಲ ಎಂದರು, ಸರಿ. ಇಪ್ಪತ್ತು ಪುಟ ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ ಎಂದು ಕೌಂಟರಿಗೆ ಹೋದ. ಅಲ್ಲಿ ಕೂತಿದ್ದ ಮಹನೀಯರು ತಲೆಯೆತ್ತದೆ ಗೋಡೆಯ ಕಡೆ ಬೆರಳು ಮಾಡಿದರು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬೋರ್ಡು. ಕಾಪಿರೈಟ್ ಕಾಯ್ದೆಯ ಪ್ರಕಾರ ಪುಸ್ತಕಗಳ ನಕಲು ನಿಷೇಧ ಅಂತ.

ಹಾಳೆ ಹಳೆಯದು, ಯಂತ್ರಕ್ಕೆ ಕೊಟ್ಟರೆ ಪುಡಿಯಾಗುತ್ತದೆ ಎಂದಿದ್ದರೆ ನಮ್ಮ ಹುಡುಗ ಕೈಮುಗಿದು ಅಲ್ಲೇ ಕೂತು ಬರೆದುಕೊಳ್ಳುತ್ತಿದ್ದ. ಅವರು ಹೇಳಿದ್ದು ಅದಲ್ಲ. "ಕಾಪಿರೈಟ್ ಇದೆ." ಯಾರದು ಸಾರ್ ಕಾಪಿರೈಟು? "ಅದೆಲ್ಲ ಗೊತ್ತಿಲ್ಲ, ಸರ್ಕ್ಯುಲರ್ ಇದೆ." ಸರ್ಕ್ಯುಲರ್ ತೋರಿಸಿ ಸಾರ್. "ಆಫೀಸಿನಲ್ಲಿ ಕೇಳಪ್ಪ." ಆಫೀಸಿನಲ್ಲಿ ಕೇಳಿದರೆ, ಕೌಂಟರಿನಲ್ಲಿ ಕೇಳು ಅಂದರು!

ಆ ವಿಶ್ವವಿದ್ಯಾನಿಲಯದ ಹೆಸರನ್ನು ನಾವು ಬರೆಯುವುದಿಲ್ಲ. ಬರೆದರೆ ಉಳಿದವರು ತಾವು ಪಾರಾದೆವೆಂದು ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಪ್ರೈಮರಿ ಶಾಲೆಯ ಕೂಡುವ ಲೆಕ್ಕ, ಹೆದರಬೇಡಿ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಲೇಖಕ ಬದುಕಿರುವಷ್ಟು ಕಾಲ, ತೀರಿಕೊಂಡ ಮೇಲೆ ಇನ್ನೂ 60 ವರ್ಷ ಕೃತಿಯ ಹಕ್ಕು ಅವನದು ಮತ್ತು ಅವನ ವಾರಸುದಾರರದು. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಠಾಕೂರರ ಪುಸ್ತಕಗಳ ಅವಧಿ ಮುಗಿಯಲು ಬಂದಾಗ 60ಕ್ಕೆ ಏರಿಸಿದರು. ಈ 60ನ್ನು ಎಣಿಸುವುದು ಲೇಖಕ ತೀರಿಕೊಂಡ ಮರುವರ್ಷದ ಜನವರಿ 1ರಿಂದ. ಆಲೂರರು ತೀರಿಕೊಂಡದ್ದು 1964ರ ಫೆಬ್ರವರಿಯಲ್ಲಿ. 1965ರ ಜನವರಿಯಿಂದ ಎಣಿಸಿಕೊಂಡು ಬನ್ನಿ. 2024ರ ಡಿಸೆಂಬರ್ 31ಕ್ಕೆ ಮುಗಿಯಿತು.

ಅಂದರೆ 2025ರ ಜನವರಿ 1ರ ಬೆಳಿಗ್ಗೆಯಿಂದ, ಆಲೂರರು ಬದುಕಿದ್ದಾಗ ಅಚ್ಚಾದ ಅವರ ಪುಸ್ತಕಗಳೆಲ್ಲ ನಾಡಿನ ಸೊತ್ತು. ಇಪ್ಪತ್ತು ಪುಟವಲ್ಲ, ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಿ. ಅಚ್ಚು ಹಾಕಿ ರಾಜ್ಯೋತ್ಸವದ ದಿನ ಬೀದಿಯಲ್ಲಿ ಹಂಚಿ. ಕೇಳುವವರಿಲ್ಲ. (ಹೊಸ ಆವೃತ್ತಿಗೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅದರ ಹಕ್ಕು ಅವರದು. ಅದನ್ನು ಬಿಟ್ಟು ಮೂಲ ತೆಗೆದುಕೊಳ್ಳಿ.) ಕರ್ನಾಟಕದ ಕುಲಪುರೋಹಿತರು ಎಂದು ನವೆಂಬರ್ ತಿಂಗಳಲ್ಲಿ ಹಾರ ಹಾಕುವ ಮನುಷ್ಯನನ್ನು, ಕಾನೂನು ಬಿಡುಗಡೆ ಮಾಡಿದ ಮೇಲೂ, ಒಂದು ಕನ್ನಡ ನಾಡಿನ ವಿಶ್ವವಿದ್ಯಾನಿಲಯ ಬೀರುವಿನಲ್ಲಿ ಹಿಡಿದಿಟ್ಟುಕೊಂಡಿದೆ. ದುರುದ್ದೇಶದಿಂದ ಅಲ್ಲ. ಗೊತ್ತಿಲ್ಲದೆ! ನಮಗೆ ಸಿಟ್ಟು ಬರುವುದು ಇದಕ್ಕೇ.

ಇದೇ ಲೆಕ್ಕದಲ್ಲಿ ಮುಂದೆ ಹೋಗಿ. ತ್ರಿವೇಣಿ ಮತ್ತು ಗೋವಿಂದ ಪೈ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. ಇಬ್ಬರ ಪುಸ್ತಕಗಳೂ 2024ರ ಜನವರಿ 1ರಿಂದ ನಮ್ಮೆಲ್ಲರವು. 'ಬೆಳ್ಳಿಮೋಡ', 'ಶರಪಂಜರ' ಕಾದಂಬರಿಗಳನ್ನು ನೀವು ಟೈಪಿಸಿ ಇಂಟರ್‌ನೆಟ್ಟಿಗೆ ಹಾಕಬಹುದು, ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಬಹುದು. ಪುಟ್ಟಣ್ಣನವರ ಸಿನಿಮಾಗಳ ತಂಟೆಗೆ ಮಾತ್ರ ಹೋಗಬೇಡಿ. ಸಿನಿಮಾದ ಹಕ್ಕು ಬೇರೆ, ಅದರ 60 ವರ್ಷದ ಲೆಕ್ಕ ಬಿಡುಗಡೆಯಾದ ವರ್ಷದ ಮೇಲೆ. ಅನಕೃ ತೀರಿಕೊಂಡದ್ದು 1971ರಲ್ಲಿ, ಆದ್ದರಿಂದ ಅವರು 2031ರ ಕೊನೆಯವರೆಗೆ ವಾರಸುದಾರರ ಕೈಯಲ್ಲಿ. ಡಿವಿಜಿ 2035ರ ಕೊನೆಯವರೆಗೆ. ಬೇಂದ್ರೆ 2041, ಮಾಸ್ತಿ 2046, ಕುವೆಂಪು 2054. ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಬಿಡುವು ಇದ್ದರೆ ಮುಗಿಯುವ ಪಟ್ಟಿ. ಪ್ರತಿ ಜನವರಿ 1ರಂದು ಈ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ನೀವು ನೋಡಿದ್ದೀರಾ? ನಾವು ನೋಡಿಲ್ಲ.

ಹಕ್ಕು ಮುಗಿದ ಪುಸ್ತಕದ ಮಾತು ಬಿಡಿ, ಹಕ್ಕು ಇರುವ ಪುಸ್ತಕಕ್ಕೂ ಆ ಬೋರ್ಡು ಹೇಳುವುದು ಅರ್ಧ ಸತ್ಯ. ಕಾಯ್ದೆಯ 52ನೇ ಕಲಂ ಓದಿ. ಏನೇನು ಮಾಡಿದರೆ ಕಾಪಿರೈಟ್ ಉಲ್ಲಂಘನೆ ಅಲ್ಲ ಎಂಬ ಉದ್ದನೆಯ ಪಟ್ಟಿ ಅಲ್ಲಿದೆ. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾದ ಪ್ರಮಾಣದಲ್ಲಿ ಬಳಸಬಹುದು. ಮೇಷ್ಟರು ಪಾಠಕ್ಕಾಗಿ, ವಿದ್ಯಾರ್ಥಿ ಕಲಿಕೆಗಾಗಿ ನಕಲು ಮಾಡಬಹುದು. ಭಾರತದಲ್ಲಿ ಮಾರಾಟಕ್ಕೇ ಸಿಗದ ಪುಸ್ತಕದ ಮೂರು ಪ್ರತಿಗಳನ್ನು ಗ್ರಂಥಾಲಯ ತನ್ನ ಬಳಕೆಗೆ ಮಾಡಿಸಿಟ್ಟುಕೊಳ್ಳಬಹುದು. ತನ್ನಲ್ಲಿರುವ ಪುಸ್ತಕ ಹಾಳಾಗದಂತೆ ಕಾಪಾಡಲು ಸ್ಕ್ಯಾನ್ ಮಾಡಿಡಬಹುದು. ಇದು 2012ರ ತಿದ್ದುಪಡಿಯಲ್ಲಿ ಬಂದದ್ದು. ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಇಳಿಸಿಕೊಡಬಹುದು. ಇದೂ ಆ ತಿದ್ದುಪಡಿಯದೇ. ನಮ್ಮ ಊರಿನ ಎಷ್ಟು ಅಂಧ ವಿದ್ಯಾರ್ಥಿಗಳಿಗೆ ಗ್ರಂಥಪಾಲಕರು ಇದನ್ನು ಹೇಳಿದ್ದಾರೆ?

ಗ್ರಂಥಾಲಯಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಕಾಯ್ದೆ ಕೊಟ್ಟಿರುವುದು ಲಾಭಕ್ಕೆ ನಡೆಸದ 'ಸಾರ್ವಜನಿಕ ಗ್ರಂಥಾಲಯ'ಕ್ಕೆ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಅದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ಜಗ್ಗಾಡಬಹುದು. ಜಗ್ಗಾಡಲಿ. ಅದಕ್ಕೇ ಅಲ್ಲವೇ ಲಿಖಿತ ನೀತಿ ಬೇಕು ಅನ್ನುವುದು? ವಿಶ್ವವಿದ್ಯಾನಿಲಯ ತನ್ನ ವಕೀಲರನ್ನು ಕೂರಿಸಿಕೊಂಡು, ನಾವು ಈ ಕಲಮನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇವೆ, ಇಷ್ಟು ಕೊಡುತ್ತೇವೆ, ಇಷ್ಟು ಕೊಡುವುದಿಲ್ಲ ಎಂದು ಬರೆದು ಸಹಿ ಹಾಕಲಿ. ಸಹಿ ಹಾಕುವವರು ಯಾರೂ ಇಲ್ಲ, ಆದ್ದರಿಂದ ಕೌಂಟರಿನಲ್ಲಿ ಕೂತ ಪಾಪದ ಗುಮಾಸ್ತ ತನ್ನ ತಲೆ ಉಳಿಸಿಕೊಳ್ಳಲು ಎಲ್ಲಕ್ಕೂ ಇಲ್ಲ ಅನ್ನುತ್ತಾನೆ. ಅವನ ಮೇಲೆ ನಮಗೆ ಸಿಟ್ಟಿಲ್ಲ.

ಹೀಗೆ ಹೆದರಿ ಕೂರದೆ ನಿಂತು ಹೋರಾಡಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಕಥೆ ಕೇಳಿ. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಕಾಲೇಜಿನ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಎಂಬ ಪುಟ್ಟ ಅಂಗಡಿ. ಮೇಷ್ಟರು ಹೇಳಿದ ಅಧ್ಯಾಯಗಳನ್ನು ಬೇರೆಬೇರೆ ಪುಸ್ತಕಗಳಿಂದ ತೆಗೆದು, ಒಟ್ಟುಮಾಡಿ, ಪುಟಕ್ಕೆ ಕೆಲವು ಪೈಸೆಯಂತೆ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ದೈತ್ಯ ಪ್ರಕಾಶಕರು ಆ ಅಂಗಡಿಯ ಮೇಲೂ ವಿಶ್ವವಿದ್ಯಾನಿಲಯದ ಮೇಲೂ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಜೆರಾಕ್ಸ್ ಯಂತ್ರದ ಮೇಲೆ ಮೂರು ಸಾಮ್ರಾಜ್ಯಗಳ ದಂಡಯಾತ್ರೆ! ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಸಂಘ ಕಟ್ಟಿಕೊಂಡು, ನಮ್ಮನ್ನೂ ಕೇಳಿ ಎಂದು ಕೋರ್ಟಿನೊಳಕ್ಕೆ ನುಗ್ಗಿದರು. ಮೇಷ್ಟರುಗಳೂ ಜೊತೆಗೆ ಬಂದರು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ದಾವೆಯನ್ನು ವಜಾ ಮಾಡಿದರು. ಅದೇ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಪಾಠಕ್ಕೆ ಬೇಕಾದಷ್ಟನ್ನು ನಕಲು ಮಾಡುವುದು 52ನೇ ಕಲಮಿನ ರಕ್ಷಣೆಯಲ್ಲಿದೆ ಎಂಬ ಮಾತನ್ನು ಎತ್ತಿಹಿಡಿಯಿತು. ಆದರೆ ಆ ನಕಲುಗಳು ನಿಜವಾಗಿ ಪಾಠಕ್ಕೆ ಅಗತ್ಯವಿದ್ದವೇ, ಇಡೀ ಪುಸ್ತಕವನ್ನೇ ನಕಲು ಮಾಡಬಹುದೇ ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರೇ ದಾವೆ ವಾಪಸ್ ತೆಗೆದುಕೊಂಡರು. ನಕಲು ಹಕ್ಕಿನ ಪರವಾನಗಿ ಮಾರುವ ಸಂಸ್ಥೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿಯೂ ಅದೇ ವರ್ಷ ಅರ್ಜಿ ವಜಾ ಆಯಿತು.

ಇಷ್ಟೆಲ್ಲ ಆದ ಮೇಲೂ ನಮ್ಮ ಗ್ರಂಥಾಲಯಗಳ ಗೋಡೆಯ ಮೇಲೆ ಹಳೆಯ ಬೋರ್ಡೇ ನೇತಾಡುತ್ತಿದ್ದರೆ ಏನೆನ್ನೋಣ? ಸುದ್ದಿ ದೆಹಲಿಯಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದೆಯೇ?

ಬೇರೆ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಈ ಕೆಲಸಕ್ಕೆಂದೇ ಜನ ಇದ್ದಾರೆ. ಮೇಷ್ಟರು, ವಿದ್ಯಾರ್ಥಿ ಯಾರೇ ಬಂದು ಇದನ್ನು ಬಳಸಬಹುದೇ ಎಂದು ಕೇಳಿದರೆ ಉತ್ತರ ಹೇಳುವ, ಅನುಮತಿ ಪತ್ರ ಬರೆಯಲು ಕಲಿಸುವ ಗ್ರಂಥಪಾಲಕರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ನೆಲೆಯಿರುವ, ನೂರಾರು ಗ್ರಂಥಾಲಯಗಳು ಸೇರಿ ನಡೆಸುವ ಹಾತಿಟ್ರಸ್ಟ್ ಎಂಬ ಕೂಟ 2008ರಿಂದ ಇದೆ. ಅಲ್ಲಿ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಇಬ್ಬರು ಬೇರೆಬೇರೆಯಾಗಿ ಕೂತು, ಕಾಪಿರೈಟ್ ಇದೆಯೋ ಹೋಗಿದೆಯೋ ನೋಡುತ್ತಾರೆ. ಇಬ್ಬರಿಗೂ ಒಮ್ಮತ ಬರದಿದ್ದರೆ ಮೂರನೆಯವರು ತೀರ್ಮಾನಿಸುತ್ತಾರೆ. ಹೀಗೆ ಲಕ್ಷಾಂತರ ಪುಸ್ತಕ ಪರೀಕ್ಷೆ ಮಾಡಿದ್ದಾರೆ.

ಅಮೆರಿಕದ ಮಾತು ನಮಗೇಕೆ ಅನ್ನಬೇಡಿ, ಅಲ್ಲಿ ನಮ್ಮ ಪುಸ್ತಕಗಳೂ ಇವೆ. ನೆಹರೂ ಕಾಲದಲ್ಲಿ ನಾವು ಅಮೆರಿಕದ ಗೋಧಿ ತಿಂದೆವು, ಅದರ ಹಣವನ್ನು ರೂಪಾಯಿಯಲ್ಲೇ ಕಟ್ಟಿದೆವು. ಆ ರೂಪಾಯಿಯ ಒಂದು ಪಾಲಿನಲ್ಲಿ ಅವರು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಹಡಗಿಗೆ ಏರಿಸಿದರು. ಕನ್ನಡ ಪುಸ್ತಕಗಳೂ ಹಾಗೆ ಹೋಗಿ ಅಲ್ಲಿನ ಕಪಾಟು ಸೇರಿದವು, ಎಷ್ಟೋ ಪುಸ್ತಕ ಸ್ಕ್ಯಾನ್ ಕೂಡ ಆದವು. ಆದರೆ ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ ಹಕ್ಕು ಮುಗಿದ ಪುಸ್ತಕವೂ ಅಲ್ಲಿ ಅಚ್ಚಾದ ವರ್ಷದಿಂದ 95 ವರ್ಷ ಬಂದಿಯಾಗಿರಬಹುದು. 1955ರಲ್ಲಿ ಅಚ್ಚಾದ ತ್ರಿವೇಣಿಯವರ ಕಾಲದ ಒಂದು ಕಾದಂಬರಿ ಅಲ್ಲಿ 2050ರ ಕೊನೆಯವರೆಗೆ ತೆರೆಯದು. ಅಂದರೆ ತಿಳಿಯಿತೇ? ಅಮೆರಿಕದವರು ಬಂದು ನಮ್ಮ ಪುಸ್ತಕದ ಬೀಗ ತೆಗೆಯುವುದಿಲ್ಲ. ಬೀಗದ ಕೈ ಇರುವುದು ಧಾರವಾಡದಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ.

ಈಗ ಕನ್ನಡಿಗನ ರಕ್ತ ಕುದಿಯಬೇಕಾದ ಜಾಗಕ್ಕೆ ಬರೋಣ.

ಹಕ್ಕು ಇನ್ನೂ ಇದೆ, ಆದರೆ ಹಕ್ಕುದಾರ ಯಾರೆಂದೇ ಗೊತ್ತಿಲ್ಲ. ಇಂಥ ಅನಾಥ ಪುಸ್ತಕಗಳು ಕನ್ನಡದಲ್ಲಿ ರಾಶಿ ರಾಶಿ. ಲೇಖಕ 1980ರಲ್ಲಿ ತೀರಿಕೊಂಡಿರುತ್ತಾನೆ, ಪ್ರಕಾಶನ ಮುಚ್ಚಿ ಮೂವತ್ತು ವರ್ಷವಾಗಿರುತ್ತದೆ, ಮಕ್ಕಳು ಯಾವ ಊರಿನಲ್ಲಿದ್ದಾರೋ ತಿಳಿಯದು. ಇಂಥ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಕಾದರೆ 31ಎ ಎಂಬ ಕಲಮಿನಡಿ ಪರವಾನಗಿ ಕೇಳಬಹುದು. ಮೊದಲು ಕಾಪಿರೈಟ್ ಮಂಡಳಿ ಎಂಬುದೊಂದಿತ್ತು, 2017ರಲ್ಲಿ ಅದನ್ನು ಬೇರೊಂದು ಮಂಡಳಿಗೆ ಸೇರಿಸಿದರು, 2021ರಲ್ಲಿ ಆ ಮಂಡಳಿಯನ್ನೇ ಮುಚ್ಚಿದರು. ಈಗ ನೇರ ನ್ಯಾಯಾಲಯಕ್ಕೇ ಹೋಗಬೇಕು. ಇರಲಿ. ಅರ್ಜಿಗೆ ಮೊದಲು, ಹಕ್ಕುದಾರರು ಇದ್ದರೆ ಮುಂದೆ ಬನ್ನಿ ಎಂದು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಯಾವ ಪತ್ರಿಕೆಯಲ್ಲಿ? ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ! ಅನುವಾದ ಪ್ರಕಟಿಸುವುದಾದರೆ ಮಾತ್ರ, ಆ ಅನುವಾದದ ಭಾಷೆಯ ಪತ್ರಿಕೆಯಲ್ಲೂ ಹಾಕಬೇಕು.

ಇನ್ನೊಮ್ಮೆ ಓದಿ. ಕನ್ನಡದಲ್ಲಿ ಬರೆದ ಕನ್ನಡಿಗನ ಪುಸ್ತಕವನ್ನು ಕನ್ನಡದಲ್ಲೇ ಮತ್ತೆ ಅಚ್ಚು ಹಾಕಲು, ಗದಗಿನಲ್ಲೋ ಕಡೂರಿನಲ್ಲೋ ಇರುವ ಅವನ ಮೊಮ್ಮಗಳನ್ನು ಹುಡುಕಲು, ಜಾಹೀರಾತು ಇಂಗ್ಲಿಷಿನಲ್ಲಿ ಕೊಡಬೇಕು. ಕನ್ನಡ ಪತ್ರಿಕೆಯಲ್ಲಿ ಕೊಡಬೇಕೆಂಬ ನಿರ್ಬಂಧವೇ ಇಲ್ಲ. ಆ ಹೆಣ್ಣುಮಗಳು ಅದನ್ನು ಯಾವ ಜನ್ಮದಲ್ಲಿ ಓದಿಯಾಳು? ಈ ಕಲಮು ಹಕ್ಕುದಾರರನ್ನು ಕಾಪಾಡುತ್ತದೋ, ಅವರಿಗೆ ತಿಳಿಯದಂತೆ ಕಾಪಾಡುತ್ತದೋ? ನಮ್ಮ ಸಂಸದರಲ್ಲಿ ಒಬ್ಬರಾದರೂ ಇದನ್ನು ಓದಿದ್ದಾರೆಯೇ ಎಂಬ ಅನುಮಾನ ನಮಗಿದೆ.

ಅದೇ ಕಾಯ್ದೆಯಲ್ಲಿ ನಮ್ಮ ಪರವಾದ ಒಂದು ಮಾತು ಯಾರೂ ಮುಟ್ಟದೆ ಬಿದ್ದಿದೆ. ವಿದೇಶಿ ಪುಸ್ತಕವೊಂದು ಪಾಠಕ್ಕೋ ಸಂಶೋಧನೆಗೋ ಬೇಕಿದ್ದರೆ, ಅದು ಹೊರಬಂದು ಮೂರು ವರ್ಷವಾದ ಮೇಲೆ ಭಾರತೀಯ ಭಾಷೆಗೆ ಅನುವಾದಿಸಲು ಪರವಾನಗಿ ಕೇಳಬಹುದು. ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಯಾದರೆ ಒಂದೇ ವರ್ಷ ಸಾಕು. ಕನ್ನಡದಂಥ ಭಾಷೆಗೆಂದೇ ಬರೆದ ಮಾತು ಇದು. ಮೊದಲು ಅನುಮತಿ ಕೇಳಿರಬೇಕು, ಸಿಗದಿದ್ದರೆ ಕಾಯಬೇಕು, ರಾಯಧನ ಕಟ್ಟಬೇಕು, ಎಲ್ಲ ನಿಜ. ಆದರೆ ಬಾಗಿಲು ಇದೆ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ, ಅರ್ಥಶಾಸ್ತ್ರದ ಒಳ್ಳೆಯ ಪುಸ್ತಕಗಳಿಲ್ಲ ಎಂದು ಗೊಣಗುವ ನಮ್ಮ ಪ್ರಸಾರಾಂಗಗಳು ಆ ಬಾಗಿಲನ್ನು ತಟ್ಟಬೇಕು.

ಹಾಗೆಂದು ಎಲ್ಲರೂ ಮಲಗಿದ್ದಾರೆ ಎನ್ನುವುದು ಅನ್ಯಾಯ. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲದ ಹೆಸರು ಹೇಳಿ, ನೀವು ಮಾಡಿದ್ದನ್ನೂ ಹಾಗೆಯೇ ಮುಕ್ತವಾಗಿ ಕೊಡಿ, ಇಷ್ಟೇ ಷರತ್ತು. ನಿರಂಜನರ ಹಲವು ಪುಸ್ತಕಗಳನ್ನು ಅವರ ಮನೆಯವರೂ ಹೀಗೆಯೇ ಕೊಟ್ಟರು. ಕೋರ್ಟಿಲ್ಲ, ಕಚೇರಿಯಿಲ್ಲ, ಒಂದು ಕಾಗದ, ಒಂದು ಸಹಿ. ಇದಕ್ಕೆ ತದ್ವಿರುದ್ಧ ಪಾಠವೂ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಯಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ದೇಶದ ಗ್ರಂಥಾಲಯಗಳಿಂದ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿ ಇಟ್ಟಿತ್ತು. ಹಕ್ಕು ಯಾವುದಕ್ಕಿದೆ ಯಾವುದಕ್ಕಿಲ್ಲ ಎಂದು ಕಲ್ಲು ಆರಿಸದೆ ಅಕ್ಕಿ ಬೇಯಿಸಿದಂತಾಯಿತು. 2017ರ ಹೊತ್ತಿಗೆ ಕಾಪಿರೈಟ್ ತಕರಾರಿನ ಕಾರಣ ಹೇಳಿ ಬಾಗಿಲು ಮುಚ್ಚಿತು, ಹಕ್ಕು ಮುಗಿದ ಪುಸ್ತಕಗಳೂ ಅದರ ಜೊತೆ ಹೋದವು. ಪುಣ್ಯಕ್ಕೆ ಬಹಳಷ್ಟರ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದವು.

ನಿಮಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮೊಬೈಲಿನ ಟೆಲಿಗ್ರಾಂನಲ್ಲಿ, ವಾಟ್ಸಾಪಿನಲ್ಲಿ ಓಡಾಡುವ ಕನ್ನಡ ಪುಸ್ತಕಗಳ ಪಿಡಿಎಫ್ ಬಗ್ಗೆ. ನೂರಾರು ಡಾಲರಿಗೆ ಪುಸ್ತಕ ಮಾರುವ ಆಕ್ಸ್‌ಫರ್ಡಿನ ಒಂದು ಅಧ್ಯಾಯವನ್ನು ಪಾಠಕ್ಕೆ ನಕಲು ಮಾಡುವುದು ಬೇರೆ. ಸಾಲ ಮಾಡಿ ಐನೂರು ಸಾವಿರ ಪ್ರತಿ ಅಚ್ಚು ಹಾಕಿ, ಗ್ರಂಥಾಲಯ ಇಲಾಖೆಯ ಬಾಕಿ ಬಿಲ್ಲಿಗೆ ಕಾಯುತ್ತಾ ಕೂತಿರುವ ಕನ್ನಡದ ಪ್ರಕಾಶಕನ ಹೊಸ ಪುಸ್ತಕವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕುವುದು ಬೇರೆ. ಎರಡನೆಯದು ಕಳ್ಳತನ, ಅದನ್ನು ಕನ್ನಡ ಸೇವೆ ಎಂದು ಕರೆಯಬೇಡಿ. ಗ್ರಂಥಾಲಯ ಕಾಪಿರೈಟ್ ಕಲಿಸಬೇಕು ಎಂದು ನಾವು ಹೇಳುವಾಗ ಇದನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಬರೆಯುವ ಹುಡುಗ ಹುಡುಗಿಯರಿಗೆ ಅವರ ಹಕ್ಕನ್ನೂ ಕಲಿಸಬೇಕು. ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲಿ ಸಹಿಯೊಡನೆ ಇರಬೇಕು. 1994ರ ತಿದ್ದುಪಡಿ ಜಾರಿಯಾದ ಮೇಲಿನ ಒಪ್ಪಂದಗಳಲ್ಲಿ ಎಷ್ಟು ವರ್ಷ ಎಂದು ಬರೆದಿಲ್ಲದಿದ್ದರೆ ಐದು ವರ್ಷ ಎಂದೇ ಕಾಯ್ದೆ ತಿಳಿಯುತ್ತದೆ. ಮೊದಲ ಕಥಾಸಂಕಲನ ಕೈಯಲ್ಲಿ ಹಿಡಿದು ಪ್ರಕಾಶಕರ ಮುಂದೆ ನಿಲ್ಲುವ ಹುಡುಗಿಗೆ ಈ ಒಂದು ಸಾಲು ಗೊತ್ತಿದ್ದರೆ ಸಾಕು, ಅವಳ ಬೆನ್ನು ನೆಟ್ಟಗಿರುತ್ತದೆ.

ದುಡ್ಡಿಲ್ಲ ಎನ್ನುತ್ತಾರೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಎಂಬ ಯೋಜನೆಗೆ ಒಪ್ಪಿತು. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳಿಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ನಮ್ಮ ವಿಜ್ಞಾನದ ಹುಡುಗರಿಗೆ ಉಪಯೋಗವೇ, ಬೇಡ ಅನ್ನುವುದಿಲ್ಲ. ಆದರೆ ಓದುವ ಹಕ್ಕನ್ನು ಕೊಳ್ಳಲು 6,000 ಕೋಟಿ ಇರುವ ದೇಶದಲ್ಲಿ, ಕೊಳ್ಳಲೇ ಬೇಕಿಲ್ಲದ, ಈಗಾಗಲೇ ನಮ್ಮದಾಗಿರುವ ಕನ್ನಡ ಪುಸ್ತಕಗಳ ಪಟ್ಟಿ ಮಾಡಲು ಒಬ್ಬ ಗ್ರಂಥಪಾಲಕನ ಸಂಬಳ ಹುಟ್ಟುವುದಿಲ್ಲವೇ?

ಪ್ರತಿ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಈ ಕೆಲಸಕ್ಕೆಂದು ಒಬ್ಬರು ಇರಲಿ. ಕನ್ನಡದಲ್ಲಿ ಬರೆದ ನೀತಿ ಇರಲಿ. ಹಕ್ಕು ಇರುವ ಪುಸ್ತಕಕ್ಕೆ ಲೇಖಕರ ಮನೆಗೆ ಕಾಗದ ಬರೆದು ಅನುಮತಿ ಕೇಳುವ ಅಭ್ಯಾಸ ಶುರುವಾಗಲಿ. ಕೇಳಿದರೆ ಎಷ್ಟೋ ಮನೆಯವರು ಸಂತೋಷದಿಂದ ಕೊಡುತ್ತಾರೆ, ಕೇಳುವವರಿಲ್ಲ, ಅಷ್ಟೇ.

ಘೋಷಣೆ ಕೂಗುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಸರ್ಕಾರಿ ವಿಶ್ವವಿದ್ಯಾನಿಲಯಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಹೀಗೆ ಕೇಳಿ: ನಿಮ್ಮ ಗ್ರಂಥಾಲಯದ ಲಿಖಿತ ಕಾಪಿರೈಟ್ ನೀತಿಯ ಪ್ರತಿ ಕೊಡಿ. ನಕಲು ನಿಷೇಧದ ಬೋರ್ಡು ಯಾವ ಆದೇಶದ ಮೇಲೆ ಹಾಕಲಾಗಿದೆ, ಆ ಆದೇಶದ ಪ್ರತಿ ಕೊಡಿ. ಇದರ ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಯಾವುದು? ಕಳೆದ ಐದು ವರ್ಷದಲ್ಲಿ ಕನ್ನಡ ಲೇಖಕರಿಗೆ, ವಾರಸುದಾರರಿಗೆ ಅನುಮತಿ ಕೋರಿ ಬರೆದ ಪತ್ರಗಳೆಷ್ಟು?

ನಮ್ಮ ಹುಡುಗ ಹಾಕಿದ್ದಾನೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ, ಬರದಿದ್ದರೆ ಅದನ್ನೂ ಹಾಕುತ್ತೇವೆ. ನಿಮಗೆ ಬಂದದ್ದನ್ನು ಕಳಿಸಿಕೊಡಿ.